ಮೊಣಕಾಲಿಗೆ ಇಳಿದ ಸೆರಗು

ಟಕ್, ಟಕಾ. ಟಕ್, ಟಕಾ.

ಇಳಕಲ್ಲಿಗೆ ಬಂದ ಮರುದಿನ ಬೆಳಿಗ್ಗೆ ಯಾರೋ ಬಾಗಿಲು ತಟ್ಟುತ್ತಿದ್ದಾರೆ ಎಂದುಕೊಂಡು ಮೂರು ಸಲ ಎದ್ದು ಹೋಗಿ ಅಗುಳಿ ತೆಗೆದೆ. ಮೂರು ಸಲವೂ ಹೊರಗೆ ಮನುಷ್ಯರಿಲ್ಲ. ಮೆಟ್ಟಿಲ ಮೇಲೆ ಒಂದು ಆಡು ನಿಂತು, ನಾನೇ ಅದರ ಮನೆಗೆ ಹೇಳದೆ ಕೇಳದೆ ಬಂದವಳು ಎಂಬಂತೆ ನನ್ನನ್ನು ನೋಡುತ್ತಿತ್ತು. ಮಗಳು ಆಗಲೇ ಕೆಲಸಕ್ಕೆ ಹೋಗಿದ್ದಳು. ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಕಿವಿಯೊಳಗೆ ಸದ್ದು ಕೇಳುವ ಕಾಯಿಲೆ ಶುರುವಾಯಿತೇ ಎಂದು ಹೆದರಿ, ನಾಲ್ಕನೆಯ ಸಲ ‘ಹೂ ಈಸ್ ಇಟ್?’ ಎಂದು ಜೋರಾಗಿ ಕೇಳಿಕೊಂಡೇ ಬಾಗಿಲು ತೆರೆದೆ.

ಪಕ್ಕದ ಮನೆಯ ಕಟ್ಟೆಯ ಮೇಲೆ ಕೂತಿದ್ದ ಮುದುಕಿಯೊಬ್ಬಳು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

“ಯಾರೂ ಬಂದಿಲ್ರಿ ಅಕ್ಕಾರ. ಅದು ನಮ್ಮನಿ ಮಗ್ಗ. ಗ್ವಾಡಿ ಒಂದ ಐತಲ್ಲ, ನಿಮ್ಮ ಬಾಗಲಾ ಬಡದಂಗ ಕೇಳ್ತೈತಿ. ನಾ ಆಗಿನಿಂದ ನೋಡಾಕತ್ತೀನಿ, ಒಂದ ಆಡಿಗೆ ನಾಕ ಸಲ ಬಾಗಲಾ ತಗದ್ರಿ!”

ಅದು ನೀಲವ್ವ. ಈ ಬರಹ ಆಕೆಯ ಬಗ್ಗೆ, ಮತ್ತು ನಾನು ಗುಡ್ಡ ಹತ್ತಲು ಹೊಲಿಸಿಕೊಂಡ ಒಂದು ಜೊತೆ ಬಟ್ಟೆಯ ಬಗ್ಗೆ. ಹೋದ ಸಲ ನಮ್ಮ ಕಾನ್ವೆಂಟಿನ ಹಳೆಯ ಗೆಳತಿಯರ ಕೂಟಕ್ಕೆಂದು ಮೈಸೂರಿಗೆ ಬಂದಾಗ ನಿಮ್ಮಲ್ಲಿ ಎಷ್ಟೋ ಜನ ಆ ಬಟ್ಟೆಯನ್ನು ಮುಟ್ಟಿ ನೋಡಿ, ‘ವಿಮಲಾ, ಸೋ ಎಥ್ನಿಕ್! ಎಲ್ಲಿ ಸಿಗುತ್ತೆ?’ ಎಂದು ಕೇಳಿದಿರಿ. ನಾನು ನಕ್ಕು ಮಾತು ಮರೆಸಿದೆ. ಅಂದು ಹೇಳಲಾಗದ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ನಾನು ಇಲ್ಲಿಗೆ ಯಾಕೆ ಬಂದೆ ಎಂದು ಗೊತ್ತಿಲ್ಲದವರಿಗೆ ಎರಡು ಮಾತು. ಮಗಳು ಕಣ್ಣಿನ ಡಾಕ್ಟರು. ಇಳಕಲ್ಲಿನಲ್ಲಿ ಕೆಲಸ ಹಿಡಿದಳು, ಊರು ಅವಳಿಗೆ ಹಿಡಿಸಿತು. ಮೈಸೂರಿನ ಬಾಡಿಗೆ ಮನೆಯಲ್ಲಿ ನಾನೊಬ್ಬಳೇ ಟೀವಿಗೆ ಗುಡ್ ನೈಟ್ ಹೇಳಿ ಮಲಗುವುದನ್ನು ಒಮ್ಮೆ ನೋಡಿದಳು. ಮುಂದಿನ ತಿಂಗಳೇ ನನ್ನ ಸೂಟ್‌ಕೇಸುಗಳನ್ನು ತಾನೇ ತುಂಬಿದಳು.

ನಮ್ಮ ಕಡೆ ಗೋಡೆಗಳು ಮಾತಾಡುವುದಿಲ್ಲ. ಮೈಸೂರಿನಲ್ಲಿ ಇಪ್ಪತ್ತು ವರ್ಷ ನನ್ನ ಪಕ್ಕದ ಮನೆಯವರು ಬೆಳಿಗ್ಗೆ ಏನು ತಿನ್ನುತ್ತಿದ್ದರೆಂದು ನನಗೆ ತಿಳಿಯದು. ಇಲ್ಲಿ ಮೂರೇ ದಿನಕ್ಕೆ ತಿಳಿಯಿತು: ಮೊದಲು ಮಗ್ಗ, ಆಮೇಲೆ ರೊಟ್ಟಿ ಬಡಿಯುವ ಸದ್ದು, ಆಮೇಲೆ ನೀಲವ್ವನಿಗೂ ಸೊಸೆ ಸಾವಿತ್ರಿಗೂ ಖಾರ ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬ ವಾದ. ನಾನು ಟೋಸ್ಟಿಗೆ ಬೆಣ್ಣೆ ಸವರುತ್ತಾ ಆ ವಾದದಲ್ಲಿ ಮನಸ್ಸಿನಲ್ಲೇ ಒಂದು ಪಕ್ಷ ವಹಿಸುತ್ತಿದ್ದೆ. ಮೊದಮೊದಲು ಅರ್ಧ ಮಾತು ಅರ್ಥವಾಗುತ್ತಿರಲಿಲ್ಲ. ಬಟ್ಟೆಗೆ ಇಲ್ಲಿ ಅರಿವಿ ಎನ್ನುತ್ತಾರೆ, ಪಕ್ಕಕ್ಕೆ ಬಾಜೂ, ಚೆನ್ನಾಗಿದೆ ಎನ್ನುವುದಕ್ಕೆ ಚೊಲೋ ಐತಿ. ನನ್ನ ಮೈಸೂರು ಕನ್ನಡ ಕೇಳಿ ತರಕಾರಿಯವಳು, “ರೇಡಿಯೋದಾಗಿನ ಅವ್ವಾರು ಬಂದ್ರು” ಎನ್ನುತ್ತಿದ್ದಳು.

ಊರಿಗೆಲ್ಲ ನಾನು ‘ಡಾಕ್ಟರ್ ಅವ್ವಾರು’. ಗೌರವದ ಹೆಸರು, ಕಂಪ್ಲೇಂಟ್ ಮಾಡುವ ಹಾಗಿಲ್ಲ. ಆದರೆ ಒಂದು ಸಂಜೆ ಕಟ್ಟೆಯ ಮೇಲೆ ನೀಲವ್ವ ಕೇಳಿದಳು:

“ನಿಮ್ಮ ಹೆಸರೇನ್ರಿ?”

“ಡಾಕ್ಟರ್ ಅವ್ವಾರು ಅಂತಲೇ ಕರೀತಾರಲ್ಲ ಎಲ್ಲರೂ.”

“ಅದು ಮಗಳ ಹೆಸರಾತು. ನಿಮ್ಮದು?”

ಹೇಳಿದೆ. ಅಂದಿನಿಂದ ನಾನು ವಿಮಲಕ್ಕಾರು. ಗಂಡ ಹೋದ ಮೇಲೆ, ಅಕ್ಕ ಹೋದ ಮೇಲೆ, ನನ್ನ ಹೆಸರನ್ನು ಎದುರಿಗೆ ಕೂತು ಕರೆಯುವವರು ಯಾರೂ ಉಳಿದಿರಲಿಲ್ಲ. ಈ ಅಪರಿಚಿತ ಊರಿನಲ್ಲಿ ಆ ಒಂದು ಬಾಯಿ ನನಗೆ ದಕ್ಕಿತು. ಸಂಜೆ ಐದು ಗಂಟೆಗೆ ನನ್ನ ಕಾಲು ತಾನಾಗಿಯೇ ಪಕ್ಕದ ಮನೆಗೆ ಹೋಗುತ್ತಿತ್ತು. ಆ ಕಟ್ಟೆಯೊಂದಿಲ್ಲದಿದ್ದರೆ ನಾನು ಆರು ತಿಂಗಳಲ್ಲಿ ಮೈಸೂರಿಗೆ ಓಡಿ ಬರುತ್ತಿದ್ದೆ.

ನೀಲವ್ವನ ಕೈಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು. ಇಳಕಲ್ ಸೀರೆಯ ಕೆಂಪು ಸೆರಗು ರೇಷ್ಮೆಯದು, ಒಡಲು ನೂಲಿನದು. ಇವೆರಡನ್ನೂ ಸೂಜಿಯಿಂದ ಸೇರಿಸುವುದಿಲ್ಲ. ನೇಯುವುದಕ್ಕೆ ಮುಂಚೆ, ಎಳೆಗಳು ಇನ್ನೂ ಎಳೆಗಳಾಗಿಯೇ ಇರುವಾಗ, ಸೆರಗಿನ ಒಂದೊಂದು ಎಳೆಯನ್ನೂ ಒಡಲಿನ ಒಂದೊಂದು ಎಳೆಗೆ ಕುಣಿಕೆಯ ಹಾಗೆ ಸಿಕ್ಕಿಸಬೇಕು. ಅದಕ್ಕೆ ಕೊಂಡಿ ಎನ್ನುತ್ತಾರೆ. ಒಂದು ಸೀರೆಗೆ ಸಾವಿರಾರು ಕೊಂಡಿ. ಅದು ಹೆಂಗಸರ ಕೆಲಸ. ಮಗ್ಗಕ್ಕೆ ಕೂರುವವನು ನೀಲವ್ವನ ಮಗ, ಕೊಂಡಿ ಕೂಡಿಸುವವಳು ನೀಲವ್ವ. ಆದರೆ ನಾನು ಬಂದಾಗ ಆಕೆ ಆ ಕೆಲಸ ಬಿಟ್ಟು ಎರಡು ವರ್ಷವಾಗಿತ್ತು. ಕಣ್ಣಿಗೆ ಪೊರೆ. ಮೆಟ್ಟಿಲ ಮೇಲಿನ ಆಡು ಕಾಣುತ್ತಿತ್ತು, ಬೆರಳಿನ ತುದಿಯ ಎಳೆ ಕಾಣುತ್ತಿರಲಿಲ್ಲ. ಸಾವಿತ್ರಿ ಕೂಡಿಸಿದ್ದನ್ನು ಹೆಬ್ಬೆರಳಿನಿಂದ ಸವರಿ ನೋಡಿ, “ಇಲ್ಲೊಂದು ಬಿಟ್ಟಿ ನೋಡು” ಎಂದು ಗೊಣಗುವುದಷ್ಟೇ ಆಕೆಗೆ ಉಳಿದಿದ್ದ ಕೆಲಸ.

ಪೊರೆ ತೆಗೆದವಳು ನನ್ನ ಮಗಳು. ಆಪರೇಷನ್ನಿನ ಹಿಂದಿನ ದಿನ ನೀಲವ್ವನಿಗೆ ನಡುಕ ಬಂದಿತ್ತು. ನಾನು ಕಟ್ಟೆಯ ಮೇಲೆ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡೆ, ಕಾನ್ವೆಂಟಿನಲ್ಲಿ ಕಲಿತ ಯಾವುದೋ ಇಂಗ್ಲಿಷ್ ಪ್ರಾರ್ಥನೆಯ ಹಾಡನ್ನು ಮೆಲ್ಲಗೆ ಗುನುಗಿದೆ. ಆಕೆಗೆ ಪದ ತಿಳಿಯಲಿಲ್ಲ, ಕೈ ಬಿಡಲಿಲ್ಲ. ನಾನು ಅದನ್ನು ಮರೆತೂಬಿಟ್ಟೆ. ಆಕೆ ಮರೆತಿರಲಿಲ್ಲ.

ಶ್ರಾವಣ ಬಂತು. ಓಣಿಯ ಹೆಂಗಸರು ಪ್ರತಿ ವರ್ಷ ಬಸ್ಸಿನಲ್ಲಿ ಬಾದಾಮಿಗೆ ಹೋಗಿ, ಅಲ್ಲಿಂದ ಗುಡ್ಡ ಹತ್ತಿ, ಕಾಲುದಾರಿಯಲ್ಲಿ ಆಚೆ ಬದಿಗಿಳಿದು ಮಹಾಕೂಟದ ಹೊಂಡದಲ್ಲಿ ಮೀಯುತ್ತಾರೆ. “ನೀವೂ ಬರ್ರಿ ವಿಮಲಕ್ಕಾರ” ಎಂದಳು ನೀಲವ್ವ. ನನಗೆ ಹದಿನಾರು ವರ್ಷ ಆದಷ್ಟು ಉತ್ಸಾಹ. ಶಾಲೆಯ ಗರ್ಲ್ ಗೈಡ್ಸಿನಲ್ಲಿದ್ದಾಗ ನಾನು ಚಾಮುಂಡಿ ಬೆಟ್ಟವನ್ನು ಮೆಟ್ಟಿಲಿನಲ್ಲಿ ಎಷ್ಟು ಸಲ ಹತ್ತಿಲ್ಲ! ನಮ್ಮ ಕಾನ್ವೆಂಟಿನ ಸಿಸ್ಟರ್ ಬೋರ್ಡಿನ ಮೇಲೆ ‘ಸೂಟೆಬಲ್ ಕ್ಲೋದಿಂಗ್’ ಎಂದು ಬರೆದು, ಅಡಿಗೆರೆ ಎಳೆದು, ಪಟ್ಟಿ ಮಾಡಿಸುತ್ತಿದ್ದರು: ಕ್ಯಾನ್ವಾಸ್ ಶೂ, ಕಾಲು ಬಿಡಿಸಿ ಹೆಜ್ಜೆ ಇಡುವಂಥ ಬಟ್ಟೆ, ಟೋಪಿ, ನೇತಾಡುವಂಥದ್ದು ಏನೂ ಕೂಡದು. ಆ ಪಟ್ಟಿ ಐವತ್ತೈದು ವರ್ಷಗಳಾದರೂ ನನಗೆ ಬಾಯಿಪಾಠ. ಅದನ್ನು ಕಟ್ಟೆಯ ಮೇಲೆ ಕೂತಿದ್ದ ಹೆಂಗಸರಿಗೆ ಒಪ್ಪಿಸಿದೆ. ಗುಡ್ಡಕ್ಕೆ ಸೀರೆ ಉಡುವುದು ಡೇಂಜರಸ್, ಕಾಲಿಗೆ ಸಿಕ್ಕಿಹಾಕಿಕೊಳ್ಳುತ್ತದೆ, ಬೀಳುತ್ತೀರಿ, ಎಂದೆಲ್ಲ ಹೇಳಿದೆ.

ಸಾವಿತ್ರಿ ಗಂಭೀರವಾಗಿ ಕೇಳಿದಳು: “ಹಂಗಾರ ನಮ್ಮತ್ತಿ ಅರವತ್ತ ವರ್ಷ ಹ್ಯಾಂಗ ಬೀಳದಂಗ ಹೋಗಿ ಬಂದ್ಲಂತೀರಿ?”

“ಲಕ್” ಎಂದೆ ನಾನು. ಎಲ್ಲರೂ ನಕ್ಕರು. ನಾನೂ ನಕ್ಕೆ, ಅವರು ಯಾರನ್ನು ನೋಡಿ ನಕ್ಕರೆಂದು ತಿಳಿಯದೆ.

ಹೊರಡಲು ಹತ್ತು ದಿನ ಇರುವಾಗ ನೀಲವ್ವ ಒಂದು ಸೀರೆ ಮಡಿಚಿ ತಂದಳು. ಕಪ್ಪಿಗೆ ತಿರುಗಿದ ನೀಲಿ ಒಡಲು, ಕೆಂಪು ಸೆರಗಿನಲ್ಲಿ ಬಿಳಿಯ ಸಾಲು; ನಾನು ಅದಕ್ಕೆ ಗೋಪುರ ಎನ್ನುತ್ತೇನೆ, ನೀಲವ್ವ ಜೋಳದ ತೆನೆ ಎನ್ನುತ್ತಾಳೆ.

“ಗುಡ್ಡಕ್ಕ ಇದನ್ನ ಉಟ್ಕೊಂಡ ಬರ್ರಿ. ಧೂಳಿ ಕಾಣೂದಿಲ್ಲ, ಬೆವರ ಹೀರತೈತಿ. ಕಚ್ಚಿ ಹಾಕೂದ ನಾ ಹೇಳಿಕೊಡ್ತೇನಿ.”

ಹೇಳಿ, ಸೆರಗು ಒಡಲಿಗೆ ಸೇರುವ ಜಾಗವನ್ನು ಬಿಡಿಸಿ ನನ್ನ ಕೈಗಿಟ್ಟು, ಅದರ ಮೇಲೆ ತನ್ನ ಹೆಬ್ಬೆರಳು ಆಡಿಸುತ್ತಾ ಸುಮ್ಮನೆ ನಿಂತಳು. ಏನನ್ನೋ ಕಾಯುತ್ತಿದ್ದಳೆಂದು ಈಗ ನನಗೆ ಗೊತ್ತು. ಅಂದು ನಾನು ಹೇಳಿದ್ದು: “ಥ್ಯಾಂಕ್ಯೂ ಸೋ ಮಚ್ ನೀಲವ್ವ. ವೆರಿ ಗುಡ್ ಮೆಟೀರಿಯಲ್.”

ಆ ‘ಮೆಟೀರಿಯಲ್’ ಎಂಬ ಪದವೇ ನನ್ನನ್ನು ಟೇಲರ್ ಅಂಗಡಿಗೆ ಕರೆದುಕೊಂಡು ಹೋಯಿತೇನೋ. ಸೀರೆ ಉಟ್ಟು ಗುಡ್ಡ ಹತ್ತುವುದಿಲ್ಲ ಎಂದು ಊರೆಲ್ಲ ಕೇಳುವ ಹಾಗೆ ಹೇಳಿಯಾಗಿದೆ; ಕೊಟ್ಟದ್ದನ್ನು ಬಳಸದೆ ಇಟ್ಟರೆ ನೀಲವ್ವ ಬೇಸರ ಮಾಡಿಕೊಳ್ಳುತ್ತಾಳೆ. ಎರಡಕ್ಕೂ ಒಂದೇ ಉಪಾಯ ಎಂದು ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡೆ. ಸರ್‌ಪ್ರೈಸ್ ಆಗಲಿ ಎಂದು ಆಕೆಗೆ ಹೇಳಲೂ ಇಲ್ಲ.

ಟೇಲರ್ ದಾದಾಪೀರ್ ಸೀರೆಯನ್ನು ಟೇಬಲ್ಲಿನ ಮೇಲೆ ಹಾಸಿ ಬಹಳ ಹೊತ್ತು ನೋಡಿದರು.

“ಅವ್ವಾರ, ಇದು ಸೀರಿ ಅಲ್ರೀ?”

“ಹೌದು. ಆದರೆ ನನಗೆ ಗುಡ್ಡ ಹತ್ತೋಕೆ ಬೇಕು. ಒಂದು ಲಾಂಗ್ ಟಾಪು, ಒಂದು ಪ್ಯಾಂಟು. ಜೇಬು ಇರಲಿ.”

“ಮಗ್ಗದ್ದು ಐತ್ರಿ. ಕೊಂಡಿ ಸೀರಿ. ಹೊಸಾದು, ಇನ್ನೂ ನೀರ ಕಂಡಿಲ್ಲ. ಇದಕ್ಕ ಕತ್ರಿ ಹಾಕೂದಂದ್ರ...”

“ದಾದಾಪೀರ್, ಇಟ್ಸ್ ಓನ್ಲಿ ಕ್ಲಾತ್.”

ಅವರು ಕತ್ತರಿಯನ್ನು ತಿರುಗಿಸಿ ಹಿಡಿಯನ್ನು ನನ್ನ ಕಡೆಗೆ ಚಾಚಿದರು. “ಹಂಗಾರ ಮೊದಲನೇ ಕತ್ರಿ ನೀವ ಹಾಕ್ರಿ. ಮುಂದ ನಾ ನೋಡ್ಕೋತೇನಿ.”

ಇದೇನೋ ಇಲ್ಲಿನ ಮರ್ಯಾದೆ ಎಂದುಕೊಂಡೆ ನಾನು! ಸ್ಕೂಲ್ ಡೇ ದಿನ ಚೀಫ್ ಗೆಸ್ಟಿಗೆ ರಿಬ್ಬನ್ ಕತ್ತರಿಸಲು ಕೊಡುತ್ತಿದ್ದರಲ್ಲ, ಹಾಗೆ. ನಗುತ್ತಲೇ ಕತ್ತರಿ ತೆಗೆದುಕೊಂಡು ಸೆರಗಿನ ತುದಿಯಿಂದ ಶುರುಮಾಡಿ ಉದ್ದಕ್ಕೆ ಒಂದು ಗೇಣು ಕತ್ತರಿಸಿದೆ. ರೇಷ್ಮೆ ಕತ್ತರಿಗೆ ಸ್ವಲ್ಪವೂ ಎದುರಾಡಲಿಲ್ಲ. ದಾದಾಪೀರ್ ಮುಖ ಬೇರೆ ಕಡೆ ತಿರುಗಿಸಿಕೊಂಡಿದ್ದರು.

“ಕೆಂಪ ಸೆರಗ ಎಲ್ಲಿ ಹಾಕೂದ್ರಿ? ಹೆಗಲಿಗೆ?”

“ಬೇಡ, ಬೇಡ. ಪ್ಯಾಂಟಿನ ಕೆಳಗಡೆಗೆ ಬರಲಿ, ಮೊಣಕಾಲಿಂದ ಕೆಳಗೆ. ಮುಳ್ಳು ತಾಗೋದು ಅಲ್ಲೇ ತಾನೆ? ರೇಷ್ಮೆ ಗಟ್ಟಿ.”

ನನ್ನ ಲಾಜಿಕ್ಕಿನಲ್ಲಿ ತಪ್ಪೇನಿರಲಿಲ್ಲ. ಸಿಸ್ಟರ್ ಇದ್ದಿದ್ದರೆ ಫುಲ್ ಮಾರ್ಕ್ಸ್ ಕೊಡುತ್ತಿದ್ದರು.

ಹೊರಟ ದಿನ ಬೆಳಿಗ್ಗೆ ಇಳಕಲ್ ಬಸ್‌ಸ್ಟ್ಯಾಂಡಿನಲ್ಲಿ ನಾನು ಎಲ್ಲರಿಗಿಂತ ಮೊದಲೇ ಹೋಗಿ ನಿಂತಿದ್ದೆ. ಮೇಲೆ ಕಪ್ಪು-ನೀಲಿ ಟಾಪು, ತೊಡೆಯವರೆಗೆ ಅದೇ ಬಣ್ಣ, ಮೊಣಕಾಲಿನಿಂದ ಪಾದದವರೆಗೆ ಕೆಂಪು, ಎರಡೂ ಕಣಕಾಲ ಮೇಲೆ ತಲೆಕೆಳಗಾದ ಬಿಳಿ ಗೋಪುರಗಳು. ತಲೆಗೆ ಟೋಪಿ, ಬೆನ್ನಿಗೆ ಮಗಳ ಬ್ಯಾಗು. ನೀಲವ್ವ, ಸಾವಿತ್ರಿ, ಓಣಿಯ ಇನ್ನಿಬ್ಬರು ಮಾತಾಡುತ್ತಾ ಬಂದರು. ದೂರದಿಂದಲೇ ನಾನು ಕೈಯೆತ್ತಿ, “ಹೇಗಿದೆ?” ಎಂದು ಒಂದು ಸುತ್ತು ತಿರುಗಿ ತೋರಿಸಿದೆ.

ನಾಲ್ವರಲ್ಲಿ ಒಬ್ಬಳು ತಡೆಯಲಾರದೆ ಅಂದಳು: “ಅಯ್ಯ ಶಿವನ! ಸೆರಗ ಕಾಲಿಗೆ ಬಂದೈತಲ್ರಿ!” ಇನ್ನೊಬ್ಬಳು ಅವಳ ತೋಳಿಗೆ ಚಿವುಟಿದಳು.

ನೀಲವ್ವ ಹತ್ತಿರ ಬಂದಳು. ಬಗ್ಗಿ, ನನ್ನ ಬಲಗಾಲ ಮೊಣಕಾಲಿನ ಹತ್ತಿರ ಕಪ್ಪು ಕೆಂಪಿಗೆ ಸೇರುವ ಗೆರೆಯನ್ನು ಹೆಬ್ಬೆರಳಿನಿಂದ ಸವರಿದಳು. ಆಮೇಲೆ ಪಕ್ಕದ ಹೊಲಿಗೆಯನ್ನು ಸವರಿದಳು. ಸೊಂಟ ನೆಟ್ಟಗೆ ಮಾಡಿಕೊಂಡು ನಿಂತಳು.

“ಹೊಲಿಗಿ ಚೊಲೋ ಆಗೈತಿ” ಎಂದಳು. “ಬರ್ರಿ, ಬಸ್ಸ ಬಂತು.”

ಬೈದಿದ್ದರೆ ಬದುಕುತ್ತಿದ್ದೆ. ಏನೋ ತಪ್ಪಾಗಿದೆ ಎಂದು ತಿಳಿಯಿತು, ಎಷ್ಟು ಎಂದು ತಿಳಿಯಲಿಲ್ಲ. ಹುನಗುಂದ ದಾಟಿತು. ಅಮೀನಗಡದಲ್ಲಿ ಬಸ್ಸು ನಿಂತಾಗ ಕರದಂಟಿನ ಪೊಟ್ಟಣ ಕೊಂಡು ಎಲ್ಲರಿಗೂ ಹಂಚಿದೆ. ತೆಗೆದುಕೊಂಡರು, ತಿಂದರು, ಸಿಹಿ ಜಾಸ್ತಿಯಾಯಿತೆಂದರು. ನೀಲವ್ವ ಕಿಟಕಿಯ ಹೊರಗೆ ನೋಡುತ್ತಿದ್ದಳು.

ಬಾದಾಮಿಯಲ್ಲಿ ಇಳಿದು ಗುಡ್ಡ ಹತ್ತತೊಡಗಿದೆವು. ನಮ್ಮ ಚಾಮುಂಡಿ ಬೆಟ್ಟ ಹಸಿರು, ಮೆಟ್ಟಿಲುಗಳ ಲೆಕ್ಕ ಗೊತ್ತಿರುವ ಬೆಟ್ಟ. ಇದು ಕೆಂಪು ಬಂಡೆ. ಕೆಲವು ಕಡೆ ಒಂದು ಹೆಜ್ಜೆ ಮೊಣಕಾಲೆತ್ತರ. ಹೆಂಗಸರು ಸೀರೆಯನ್ನು ಕಾಲುಗಳ ನಡುವೆ ಹಿಂದಕ್ಕೆ ತೆಗೆದು ಸೊಂಟಕ್ಕೆ ಸಿಕ್ಕಿಸಿ ಕಚ್ಚೆ ಹಾಕಿದ್ದರು. ಸೆರಗು ತಲೆಯ ಮೇಲಿತ್ತು, ಅದೇ ಅವರ ಟೋಪಿ. ಹೊಂಡದಲ್ಲಿ ಮಿಂದ ಮೇಲೆ ಉಡಲೆಂದು ತಂದ ಹಳೆಯ ಸೀರೆ ತಲೆಯ ಮೇಲೆ ಸಿಂಬಿಯಾಗಿ ರೊಟ್ಟಿ ಗಂಟಿನ ಕೆಳಗಿತ್ತು. ಬೆವರು ಒರೆಸಲು ಸೆರಗಿನ ತುದಿ, ಬಿಸಿಲಿಗೆ ಅದೇ ನೆರಳು. ಒಬ್ಬರ ಕಾಲಿಗೂ ಏನೂ ಸಿಕ್ಕಿಹಾಕಿಕೊಳ್ಳಲಿಲ್ಲ. ಬಂಡೆ ಬಂದಲ್ಲಿ ಚಪ್ಪಲಿ ಕೈಗೆ ತೆಗೆದುಕೊಂಡು, ಮೇಕೆಗಳ ಹಾಗೆ ಹತ್ತಿದರು.

ನಾನು ಹಿಂದೆ ಬಿದ್ದೆ. ಒಂದು ಎತ್ತರದ ಹೆಜ್ಜೆಗೆ ಕಾಲೆತ್ತಿ, ಕೈ ಊರಿ, ಮೈ ಎಳೆದುಕೊಂಡೆ. ಪರ್ರ್ ಎಂದಿತು. ಹಿಂದುಗಡೆ ಸೊಂಟದಿಂದ ಶುರುವಾದ ಹೊಲಿಗೆ ಎಲ್ಲಿಯವರೆಗೆ ಬಿಚ್ಚಿಕೊಂಡಿತೆಂದು ಗಾಳಿಯೇ ನನಗೆ ಹೇಳಿತು. ಕೆಳಗೆ ನಾಲ್ಕು ಮಾರು ದೂರದಲ್ಲಿ ಇಬ್ಬರು ಕಾಲೇಜು ಹುಡುಗಿಯರು ಸೆಲ್ಫಿ ತೆಗೆದುಕೊಳ್ಳುತ್ತಾ ಹತ್ತಿ ಬರುತ್ತಿದ್ದರು. ನಾನು ಬಂಡೆಗೆ ಬೆನ್ನು ಹಚ್ಚಿ, ಅಲ್ಲಿಯೇ ಅಂಟಿಕೊಂಡು ನಿಂತುಬಿಟ್ಟೆ. ಅಳು ಬಂತು.

ನೀಲವ್ವ ತಿರುಗಿ ನೋಡಿದಳು. ತಲೆಯ ಗಂಟು ಸಾವಿತ್ರಿಗೆ ಕೊಟ್ಟು, ಸಿಂಬಿ ಬಿಚ್ಚಿ, ಹಳೆಯ ಸೀರೆ ಕೊಡವಿಕೊಂಡು ಇಳಿದು ಬಂದಳು.

“ನಿಂದರ್ರಿ, ಅಳಗಾಡಬ್ಯಾಡ್ರಿ. ಕೈ ಮ್ಯಾಲ ಎತ್ರಿ. ಸಣ್ಣ ಹುಡುಗ್ಯಾರಂಗ ಅಳ್ತಾರೇನ? ಕಾಲ ಸ್ವಲ್ಪ ಅಗಲಸ್ರಿ.”

ಪ್ಯಾಂಟಿನ ಮೇಲೆಯೇ ನನಗೆ ಸೀರೆ ಸುತ್ತಿ, ನಡುವಿನಿಂದ ಹಿಂದಕ್ಕೆ ಎಳೆದು, ಬೆನ್ನ ಹಿಂದೆ ಬಿಗಿಯಾಗಿ ಸಿಕ್ಕಿಸಿದಳು. ಎಪ್ಪತ್ತು ದಾಟಿದವಳಿಗೆ ಎಪ್ಪತ್ತು ದಾಟಿದವಳು ಬಟ್ಟೆ ಉಡಿಸುತ್ತಿದ್ದುದನ್ನು ಆ ಹುಡುಗಿಯರು ದಾರಿ ಬಿಟ್ಟುಕೊಟ್ಟು ನೋಡುತ್ತಾ ಹೋದರು.

“ಬಟ್ಟೆ ಹರಿದುಹೋಯಿತು ನೀಲವ್ವ” ಎಂದೆ.

“ಅರಿವಿ ಹರಿದಿಲ್ರಿ” ಎಂದಳು. ಧ್ವನಿಯಲ್ಲಿ ಆ ದಿನ ಮೊದಲ ಸಲ ಒಂದು ಚೂರು ಬಿಸಿಯಿತ್ತು. “ಅರಿವಿ ಗಟ್ಟಿ ಐತಿ. ಹೊಲಿಗಿ ಬಿಚ್ಚೈತಿ, ಅಷ್ಟ.”

ಹಳೆಯ ಸೀರೆಯ ಕಚ್ಚೆಯಲ್ಲಿ ನಾನು ಉಳಿದ ಗುಡ್ಡವನ್ನು ಹತ್ತಿ ಆಚೆಗೆ ಇಳಿದೆ. ನಾಚಿಕೆಯಾಗುತ್ತದೆ ಹೇಳಲು: ಅಷ್ಟು ಹಗುರವಾಗಿ, ಅಷ್ಟು ದೊಡ್ಡ ಹೆಜ್ಜೆ ಇಟ್ಟು, ನಾನು ಗೈಡ್ಸಿನ ಸ್ಕರ್ಟಿನಲ್ಲೂ ನಡೆದಿರಲಿಲ್ಲ.

ಮಹಾಕೂಟದ ಹೊಂಡದ ಮೆಟ್ಟಿಲ ಮೇಲೆ ಕಾಲು ನೀರಿಗೆ ಬಿಟ್ಟು ಕೂತಿದ್ದೆ. ನೀಲವ್ವ ಎದೆಮಟ್ಟದ ನೀರಿನಲ್ಲಿ ನಿಂತು ಮುಳುಗಿ ಏಳುತ್ತಿದ್ದಳು. ಸಾವಿತ್ರಿ ಬಂದು ಪಕ್ಕದಲ್ಲಿ ಕೂತಳು.

“ನಿಮಗ ಗೊತ್ತಿಲ್ಲಂತ ಹೇಳ್ತೇನ್ರಿ, ಸಿಟ್ಟಾಗಬ್ಯಾಡ್ರಿ. ಆಪರೇಷನ್ ಆದ ಮ್ಯಾಲ ಅತ್ತಿ ಕೂಡಿಸಿದ ಮೊದಲನೇ ಸೀರಿ ಅದು. ಒಂದೊಂದ ಎಳಿ ಹಿಡದು, ‘ಕಾಣತೈತಿ ಸಾವಿತ್ರಿ, ಕಾಣತೈತಿ’ ಅಂತ ಅಳತಿದ್ಲು. ನನಗ ಮುಟ್ಟಗೊಡ್ಲಿಲ್ಲ.”

“ಮಗಳಿಗೆ ಕೊಡಬೇಕಿತ್ತು ಅದನ್ನು. ಕಣ್ಣು ಕೊಟ್ಟವಳು ಅವಳು” ಎಂದೆ.

“ನಾನೂ ಅದನ್ನ ಅಂದೆ. ‘ಡಾಕ್ಟರು ಎಲ್ಲಾರಿಗೂ ಮಾಡ್ತಾರ. ಕೈ ಹಿಡಕೊಂಡ ಕುಂತಾಕಿ ಅಕಿ’ ಅಂದ್ಲು.”

ನೀರಿನಲ್ಲಿ ನನ್ನ ಕಾಲು ಕಾಣುತ್ತಿತ್ತು. ಕಚ್ಚೆಯ ಕೆಳಗಿನಿಂದ ಇಣುಕಿದ ಕೆಂಪು ಅಂಚು ಒದ್ದೆಯಾಗಿ, ಬಿಳಿ ತೆನೆಗಳು ಅಲುಗುತ್ತಿದ್ದವು. ಹೆಬ್ಬೆರಳು ಆಡಿಸುತ್ತಾ ನಿಂತಾಗ ಆಕೆ ಕಾಯುತ್ತಿದ್ದದ್ದು ಏನನ್ನು? ನಾನೂ ಒಂದು ಸಲ ಸವರಿ ನೋಡಲಿ, ‘ನೀನೇ ಕೂಡಿಸಿದೆಯಾ?’ ಎಂದು ಕೇಳಲಿ, ಅಷ್ಟು.

ಸಂಜೆ ವಾಪಸು ಬಸ್ಸು ಹತ್ತುವಾಗ ನೀಲವ್ವ ಒಳ್ಳೆಯ ಸೀಟನ್ನು ನನಗೆ ಬಿಟ್ಟಳು.

“ಕಿಡಕಿ ಬಾಜೂ ಕುಂದರ್ರಿ ಡಾಕ್ಟರ್ ಅವ್ವಾರ. ಗಾಳಿ ಬರ್ತೈತಿ.”

ಡಾಕ್ಟರ್ ಅವ್ವಾರ. ಕುಂದರ್ರಿ ಎಂಬುದರಲ್ಲಿ ಪ್ರೀತಿಯಿತ್ತು, ಗಾಳಿಯ ಚಿಂತೆಯಲ್ಲಿ ಪ್ರೀತಿಯಿತ್ತು. ಹೆಸರು ಮಾತ್ರ ಇರಲಿಲ್ಲ. ಬಾದಾಮಿಯಿಂದ ಇಳಕಲ್ಲಿನವರೆಗೂ ನಾನು ಗಾಳಿಗೆ ಮುಖ ಕೊಟ್ಟು ಕೂತಿದ್ದೆ, ಕಣ್ಣಲ್ಲಿ ನೀರು ಬಂದರೆ ಗಾಳಿಯ ಮೇಲೆ ಹಾಕಬಹುದಲ್ಲ ಎಂದು.

ಮರುದಿನ ಇಡೀ ದಿನ ಬ್ಲೇಡು ಹಿಡಿದು ಕೂತು ಟಾಪಿನ, ಪ್ಯಾಂಟಿನ ಹೊಲಿಗೆಯನ್ನೆಲ್ಲ ಬಿಚ್ಚಿದೆ. ತುಂಡುಗಳನ್ನು ಇಸ್ತ್ರಿ ಮಾಡಿ, ಜೋಡಿಸಿ, ತೆಗೆದುಕೊಂಡು ಹೋಗಿ ನೀಲವ್ವನ ಮುಂದೆ ಇಟ್ಟೆ.

“ನನ್ನದು ತಪ್ಪಾಯಿತು. ಇದನ್ನು ಮತ್ತೆ ಸೀರೆ ಮಾಡೋಕೆ ಆಗುತ್ತಾ?”

ಆಕೆ ನಗಲಿಲ್ಲ. ಮಗುವಿಗೆ ಹೇಳುವ ಹಾಗೆ ಹೇಳಿದಳು: “ಎಳಿ ಇದ್ದಾಗ ಕೂಡಸಾಕ ಬರ್ತೈತ್ರಿ. ಅರಿವಿ ಆಗಿ ಕತ್ರಿ ಬಿದ್ದ ಮ್ಯಾಲ ಏನಿದ್ರೂ ಹೊಲಿಗಿ.”

“ಹಾಗಾದರೆ ಇದನ್ನು ಜೋಪಾನವಾಗಿ ಪೆಟ್ಟಿಗೆಯಲ್ಲಿ ಇಡುತ್ತೇನೆ.”

“ಯಾಕ? ಇಟ್ಟ ಕೊಳಸಾಕ? ಬ್ಯಾಡ್ರಿ. ಅರಿವಿ ಮೈ ಮ್ಯಾಲ ಹರೀಬೇಕು. ದಾದಾಪೀರಗ ಕೊಟ್ಟ ಮತ್ತ ಹೊಲಸ್ರಿ, ಈ ಸಲ ಸಡಿಲ ಇರ್ಲಿ. ಉಟ್ಟ ಹರೀರಿ.” ತುಂಡುಗಳನ್ನು ನನ್ನ ಕಡೆ ಸರಿಸಿ, “ಡಾಕ್ಟರ್ ಅವ್ವಾರ” ಎಂದು ಸೇರಿಸಿದಳು.

ಹಾಗಾಗಿ ಅದನ್ನು ಮತ್ತೆ ಹೊಲಿಸಿದೆ, ಮತ್ತು ತೊಟ್ಟೆ. ದಿನಾ ಬೆಳಿಗ್ಗೆ ವಾಕಿಂಗಿಗೆ, ಸಂತೆಗೆ, ಹಾಲಿಗೆ. ಎರಡು ಕಣಕಾಲ ಮೇಲೆ ತಲೆಕೆಳಗಾದ ಸೆರಗು ಹೊತ್ತು ಇಳಕಲ್ಲಿನ ಓಣಿಗಳಲ್ಲಿ ನಡೆಯುವುದೆಂದರೆ ಏನೆಂದು ನಿಮಗೆ ಮೈಸೂರಿನಲ್ಲಿ ತಿಳಿಯುವುದಿಲ್ಲ. ಇಲ್ಲಿ ಪ್ರತಿ ಹೆಂಗಸಿಗೂ ಗೊತ್ತು ಅದು ಏನು, ಎಲ್ಲಿರಬೇಕಿತ್ತು. “ಕೆಂಪ ಕಾಲಿನ ಅವ್ವಾರು ಬಂದ್ರು, ಟೊಮ್ಯಾಟಿ ಹಣ್ಣಿಗೆ ಜೋಡಿ ಆತು” ಎಂದಳು ತರಕಾರಿಯವಳು. ಮಗಳು, “ಅಮ್ಮ, ಪ್ಲೀಸ್, ಅದನ್ನು ಹಾಕಿಕೊಂಡು ಆಸ್ಪತ್ರೆ ಕಡೆ ಬರಬೇಡ” ಎಂದಳು. ಅವಳಿಗೆ ನಾನು ಕಾರಣ ಹೇಳಿರಲಿಲ್ಲ. ಸಂಜೆ ಐದಕ್ಕೆ ಕಟ್ಟೆಗೆ ಹೋಗುವುದು ತಪ್ಪಲಿಲ್ಲ, ನೀಲವ್ವ ಚಹಾ ಕೊಡುವುದು ತಪ್ಪಲಿಲ್ಲ. ನಾನು ಮಾತ್ರ ಪ್ರತಿ ವಾಕ್ಯದ ಕೊನೆಗೆ ಕಿವಿಗೊಟ್ಟು ಕಾಯುತ್ತಿದ್ದೆ.

ಆ ಚಳಿಗಾಲದಲ್ಲೇ ನಾನು ಮೈಸೂರಿಗೆ ಬಂದದ್ದು. ನೀವೆಲ್ಲ ಸುತ್ತ ನಿಂತು ನನ್ನ ಪ್ಯಾಂಟು ಹೊಗಳಿದಿರಿ. ನನ್ನ ಹೆಸರನ್ನು ಅಷ್ಟು ಜನ ಒಂದೇ ಮಧ್ಯಾಹ್ನದಲ್ಲಿ ಕರೆದು ಎಷ್ಟು ವರ್ಷವಾಗಿತ್ತು! ಆದರೆ ಅಲ್ಲಿ ಹೊಗಳಿಕೆ ಕೇಳುವುದು ಇಲ್ಲಿ ನಗೆ ಕೇಳುವುದಕ್ಕಿಂತ ಕಷ್ಟವಾಯಿತು. ಗೆಳತಿಯ ಮನೆಯ ಗೆಸ್ಟ್ ರೂಮಿನಲ್ಲಿ ಬೆಳಿಗ್ಗೆ ಎಚ್ಚರವಾದಾಗ ಗೋಡೆಗಳು ತೆಪ್ಪಗಿದ್ದವು. ಯಾಕೋ ಯಾರೋ ಸತ್ತ ಮನೆಯಲ್ಲಿ ಮಲಗಿದಂತೆನಿಸಿ, ಹೇಳಿದ್ದಕ್ಕಿಂತ ಎರಡು ದಿನ ಮೊದಲೇ ಹೊರಟುಬಿಟ್ಟೆ. ಕ್ಷಮಿಸಿ, ಅಂದು ಹೇಳಿದ ತಲೆನೋವು ಸುಳ್ಳು.

ಹೋದ ವರ್ಷ ನೀಲವ್ವನ ಮಗ ಸೊಲ್ಲಾಪುರದ ಪವರ್‌ಲೂಮಿನಲ್ಲಿ ಕೆಲಸ ಗೊತ್ತುಮಾಡಿಕೊಂಡ. ಇಡೀ ಮನೆ ಹೊರಡುವುದೆಂದಾಯಿತು. ಮಗ್ಗ ಬಿಚ್ಚಿ ಯಾರಿಗೋ ಕೊಟ್ಟರು. ಮರುದಿನ ಬೆಳಿಗ್ಗೆ ನನಗೆ ಗಾಬರಿಯಿಂದ ಎಚ್ಚರವಾಯಿತು. ಎದ್ದು ಹೋಗಿ ಬಾಗಿಲು ತೆಗೆದೆ. ಯಾರೂ ತಟ್ಟಿರಲಿಲ್ಲ, ಅದಕ್ಕೇ. ನೀಲವ್ವ ಖಾಲಿ ಕಟ್ಟೆಯ ಮೇಲೆ ಕೂತಿದ್ದಳು. ಈ ಸಲ ಇಬ್ಬರೂ ನಗಲಿಲ್ಲ.

“ಹೊಸ ಊರಾಗ ಹ್ಯಾಂಗ ಇರೂದ್ರಿ?” ಎಂದು ಕೇಳಿದಳು. “ನೀವು ಬಂದ ಇದ್ದೀರಲ್ಲ, ಹೇಳ್ರಿ.”

ನನಗೆ ಕೊಡಲು ಪಟ್ಟಿ ಇರಲಿಲ್ಲ. “ಯಾರಾದರೂ ಏನಾದರೂ ಕೈಗಿಟ್ಟರೆ, ಇದೇನು ಎಂದು ಮೊದಲು ಕೇಳು” ಎಂದೆ.

ಆಕೆ ನನ್ನ ಮೊಣಕಾಲನ್ನು ನೋಡಿ ಹೂಂ ಎಂದಳು.

ಹೊರಟ ದಿನ ಬಸ್‌ಸ್ಟ್ಯಾಂಡಿಗೆ ಏನು ತೊಟ್ಟು ಹೋಗುವುದೆಂದು ಬೀರು ತೆರೆದು ಅರ್ಧ ಗಂಟೆ ನಿಂತೆ. ಆ ಹೊತ್ತಿಗೆ ನಾನೂ ಒಂದು ಇಳಕಲ್ ಸೀರೆ ಕೊಂಡಿದ್ದೆ, ಕಚ್ಚೆ ಹಾಕುವುದನ್ನೂ ಕಲಿತಿದ್ದೆ. ಅದನ್ನು ಉಟ್ಟರೆ ನೀಲವ್ವನಿಗೆ ಖುಷಿಯಾಗುತ್ತಿತ್ತೇನೋ. ಆದರೆ ಅದು ತಪ್ಪು ಮಾಡದವಳ ಬಟ್ಟೆ. ಕೆಂಪು ಕಾಲಿನ ಪ್ಯಾಂಟನ್ನೇ ತೊಟ್ಟು ಹೋದೆ.

ನೀಲವ್ವ ಕಿಟಕಿಯ ಪಕ್ಕ ಕೂತಿದ್ದಳು. ಮಗ, ಸೊಸೆ ಹಿಂದಿನ ಸೀಟಿನಲ್ಲಿ; ಅವಳ ಬಾಜೂ ಯಾರೋ ಅಪರಿಚಿತ ಹೆಂಗಸು. ನಾನು ಕಿಟಕಿಯ ಕೆಳಗೆ ಹೋಗಿ ನಿಂತೆ. ಆಕೆ ಕತ್ತು ಹೊರಗೆ ಹಾಕಿ, ಆ ಹೊಸ ಕಣ್ಣುಗಳಿಂದ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಮೊಣಕಾಲಾಗ ಭಾಳ ಸವದೈತಿ” ಎಂದಳು. “ಕೊಂಡಿ ಇನ್ನೂ ಹಿಡದೈತಿ, ಅಲ್ಲ?”

“ಹಿಡಿದಿದೆ ನೀಲವ್ವ. ಒಂದೂ ಬಿಟ್ಟಿಲ್ಲ.”

“ಬಿಡೂದಿಲ್ಲ. ಬರ್ತೇನ್ರಿ ಡಾಕ್ಟರ್ ಅವ್ವಾರ. ಬಿಸಲಾಗ ನಿಂದರಬ್ಯಾಡ್ರಿ.”

ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಬಾಜೂ ಕೂತ ಹೆಂಗಸು ನನ್ನ ಕಾಲನ್ನು ನೋಡಿ, ದನಿ ತಗ್ಗಿಸಲೂ ತೋಚದೆ ಕೇಳಿದಳು: “ಯಾರಬೇ ಆಕಿ, ಕೆಂಪ ಕಾಲಿನಾಕಿ?”

“ನಮ್ಮ ಬಾಜೂ ಮನಿಯಾಕಿ” ಎಂದಳು ನೀಲವ್ವ. “ವಿಮಲಾ ಅಂತ.”

ನನ್ನ ಕೈ ತಾನಾಗಿ ಮೇಲೆದ್ದಿತು. ಆಕೆ ನನ್ನ ಕಡೆ ನೋಡುತ್ತಿರಲಿಲ್ಲ.

“ಯಾವೂರಾಕಿ?” ಎಂದಳು ಆ ಹೆಂಗಸು.

ಡ್ರೈವರ್ ಇಂಜಿನ್ ಶುರುಮಾಡಿದ. ಬಸ್ಸು ಇಡಿಯಾಗಿ ನಡುಗಿತು. ನೀಲವ್ವ ಆಕೆಯ ಕಡೆ ತಿರುಗಿ ಏನೋ ಉತ್ತರ ಹೇಳಿದಳು. ತುಟಿ ಆಡಿದ್ದು ಕಂಡಿತು. ಯಾವ ಊರಿನ ಹೆಸರು ಹೇಳಿದಳೋ ನನಗೆ ಕೇಳಿಸಲಿಲ್ಲ. ಬಸ್ಸು ಸ್ಟ್ಯಾಂಡಿನ ಗೇಟಿನಲ್ಲಿ ತಿರುಗುವಾಗ ಕಿಟಕಿಯಿಂದ ಆಕೆಯ ಸೆರಗಿನ ತುದಿ ಹೊರಗೆ ಹಾರುತ್ತಿತ್ತು, ಕೆಂಪು, ತೆನೆಗಳೆಲ್ಲ ನೆಟ್ಟಗೆ. ಒಳಗಿನಿಂದ ಕೈಯೊಂದು ಅದನ್ನು ಎಳೆದುಕೊಂಡಿತು.